ಸಡಿಲಿದ ಕಟ್ಟು

ಊಟದ ಹೊತ್ತಿಗೆ ಹೋಟೆಲಿನ ಲಾಂಡ್ರಿಯ ಹೆಂಗಸರೆಲ್ಲ ಇಸ್ತ್ರಿ ಮೇಜಿನ ಸುತ್ತ ಸೇರುತ್ತಿದ್ದರು. ಅವಳೊಬ್ಬಳು ಮಾತ್ರ ಬುತ್ತಿ ಹಿಡಿದು ಹಿಂಬಾಗಿಲ ಮೆಟ್ಟಿಲಿಗೆ ಹೋಗುತ್ತಿದ್ದಳು. ನಕ್ಕರೆ, ಕೆಮ್ಮಿದರೆ ಮೂತ್ರ ತೊಟ್ಟಿಕ್ಕುತ್ತಿತ್ತು. ವಾಸನೆ ಯಾರ ಮೂಗಿಗಾದರೂ ಬಡಿದೀತೆಂಬ ಅಳುಕು. "ಮಹಾರಾಣಿಗೆ ನಮ್ಮ ಜೊತೆ ಊಟ ಸೇರಲ್ಲ," ಎಂದು ಅವರು ಆಡಿಕೊಳ್ಳುತ್ತಿದ್ದರು.

ಎರಡನೇ ಬಾಣಂತನ ಮುಗಿಯುವ ಮುನ್ನವೇ ಒದ್ದೆ ಚಾದರಗಳ ಬುಟ್ಟಿ ಎತ್ತಲು ಬಂದವಳು ಅವಳು. ಅಂದಿನಿಂದ ವರ್ಷಗಟ್ಟಲೆ, ಸಂಜೆಯಾದರೆ ಕೆಳಗೆ ಗಡ್ಡೆಯಂಥದ್ದೇನೋ ಜಾರಿ ಹೊರಗಿಣುಕುತ್ತಿತ್ತು. ಗಂಡನಿಗೆ ಹೇಳಲು ನಾಲಿಗೆ ಏಳದೆ ಮಕ್ಕಳ ಪಕ್ಕ ಹಾಸಿಗೆ ಹಾಸಿಕೊಂಡಳು. ಅವನು ಮುನಿದು ಮಾತು ಕಡಿಮೆ ಮಾಡಿದ. ಒಮ್ಮೆ ಅತ್ತೆಯ ಮುಂದೆ ಬಾಯಿಬಿಟ್ಟಾಗ, "ಹೆಣ್ಣಾದ ಮೇಲೆ ಇದೆಲ್ಲ ಇದ್ದದ್ದೇ. ಊರಿಗೆಲ್ಲ ಡಂಗುರ ಹೊಡೀಬೇಡ," ಎಂದು ಅವರು ಮುಖ ತಿರುಗಿಸಿದ್ದರು.

ಒಂದು ದಿನ ಬುಟ್ಟಿ ಎತ್ತುವಾಗ ನೋವು ತಾಳಲಾರದೆ ಕುಸಿದು ಕೂತಳು. ಸುಧಾರಿಸಿಕೊಂಡು ಒಬ್ಬಳೇ ಆಸ್ಪತ್ರೆಗೆ ನಡೆದಳು.

"ಗರ್ಭಕೋಶ ಜಾರಿದೆ," ಎಂದರು ಡಾಕ್ಟರಮ್ಮ.

"ನಾನೇನು ತಪ್ಪು ಮಾಡಿದೆ ಮೇಡಂ?"

"ತಪ್ಪೇನೂ ಇಲ್ಲಮ್ಮ. ಗರ್ಭಕೋಶ ತಾನಾಗೇ ನಿಂತಿರಲ್ಲ. ಹಿಂದೆ ಬೆನ್ನುಮೂಳೆ ಬುಡಕ್ಕೆ, ಎರಡೂ ಪಕ್ಕ ಸೊಂಟದ ಗೋಡೆಗೆ ಅದನ್ನ ಹಿಡಿದಿಡೋ ಕಟ್ಟುಗಳಿರ್ತವೆ. ಕೆಳಗೆ ಸ್ನಾಯುಗಳ ಆಸರೆ. ಹೆರಿಗೇಲಿ ಎಲ್ಲ ಹಿಗ್ಗಿ ಸಡಿಲ ಆಗುತ್ತೆ. ಮೈ ಸುಧಾರಿಸೋ ಮುಂಚೆ ಭಾರ ಎತ್ತಿದ್ರೆ ಇನ್ನೂ ಜಗ್ಗುತ್ತೆ."

"ತೆಗೆದುಹಾಕ್ತೀರಾ?"

"ಈಗಲೇ ಬೇಡ. ವ್ಯಾಯಾಮ ಹೇಳ್ಕೊಡ್ತೀನಿ. ಒಳಗೊಂದು ರಿಂಗ್ ಇಟ್ರೆ ಆಸರೆಯಾಗುತ್ತೆ. ಅದಕ್ಕೂ ಬಗ್ಗದಿದ್ರೆ ಆಪರೇಷನ್. ಭಾರ ಮಾತ್ರ ಎತ್ತಬೇಡಿ. ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ?"

ಅವಳ ಕಣ್ಣು ತುಂಬಿ ಬಂತು.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ಬೈಗುಳಕ್ಕೆ ಸಿದ್ಧಳಾಗಿಯೇ, ಬಾಗಿಲಲ್ಲಿ ನಿಂತು ಎಲ್ಲ ಹೇಳಿದಳು. ಅತ್ತೆಯ ಕೈ ನಿಂತಿತು.

"ಆ ಡಾಕ್ಟರು ಹೆಂಗಸಾ?"

"ಹೂಂ, ಅತ್ತೆ."

"ವಯಸ್ಸಾದವರನ್ನೂ ನೋಡ್ತಾರಾ?"

ಸೊಸೆಗೆ ಮೊದಲು ಅರ್ಥವಾಗಲಿಲ್ಲ. ಅತ್ತೆ ತಲೆಯೆತ್ತದೆ ಮುಂದುವರಿಸಿದರು: "ನಂಗೂ ಹೀಗೇ, ನಿನ್ನ ಗಂಡ ಹುಟ್ಟಿದಾಗಿನಿಂದ ಕಣೇ. ಅವನಪ್ಪ ಇರೋವರೆಗೂ ಅವರಿಗೆ ಹೇಳಲಿಲ್ಲ."

ಅತ್ತೆ ಯಾರ ಮನೆಗೂ ಹೋಗದಿರುವುದನ್ನು ಬಿಂಕವೆಂದೇ ಅವಳು ತಿಳಿದಿದ್ದಳು. ಹೋಗಿ ಅವರ ಪಕ್ಕ ನೆಲದ ಮೇಲೆ ಕೂತಳು.

ಹೊರಗೆ ಗಂಡ ಚಪ್ಪಲಿ ಬಿಟ್ಟ ಸದ್ದಾಯಿತು. ಅವಳು ಕಣ್ಣೊರೆಸಿಕೊಂಡು ಎದ್ದಳು. ಅತ್ತೆ ಕೈ ಹಿಡಿದು ಕೂರಿಸಿದರು.

"ಇಲ್ಲಿ ಬಾರೋ," ಎಂದು ಮಗನನ್ನು ಕರೆದರು. "ಇವಳದ್ದೂ ನನ್ನದೂ ಒಂದು ವಿಷಯ ಹೇಳಬೇಕು. ತಲೆ ತಗ್ಗಿಸದೆ ಕೇಳು."