ಟಬ್ಬಿನ ಹುಳಿ ನಾತ

ಮನೆ ನೋಡಲು ಬಂದಿದ್ದ ದಂಪತಿಗೆ ಎಲ್ಲಾ ಹಿಡಿಸಿತ್ತು, ಮಹಡಿಯ ಬಚ್ಚಲುಮನೆಯವರೆಗೆ. ಅಲ್ಲಿ ಕಿಟಕಿಯ ಪಕ್ಕ ಆ ದೊಡ್ಡ ಟಬ್ಬು ಇತ್ತು. ಸುತ್ತಲಿನ ತೂತುಗಳಿಂದ ನೀರು ರಭಸವಾಗಿ ನುಗ್ಗಿ ಬಂದು ಮೈಕೈ ನೋವು ತೆಗೆಯುವ ಟಬ್ಬು. ಗಂಡಸು ಆಸೆಯಿಂದ ನೀರು ತುಂಬಿಸಿ ಗುಂಡಿ ಒತ್ತಿದ. ತೂತುಗಳು ಒಮ್ಮೆ ಗೊರಗುಟ್ಟಿ, ಕೊಳವೆಯೊಳಗಿದ್ದುದನ್ನೆಲ್ಲ ಉಗಿದವು. ಹುಳಿತು ಕೊಳೆತ ನಾತ ಮಹಡಿಯೆಲ್ಲ ತುಂಬಿತು. ಆ ಹೆಂಗಸು ಮೂಗು ಮುಚ್ಚಿಕೊಂಡು ಇಳಿದವಳು ನೇರ ಕಾರಿಗೇ ಹೋದಳು.

ಮನೆ ಘಮಘಮ ಎನ್ನಲಿ ಎಂದು ಜನೆಲ್ ಬೆಳಗಿನಿಂದ ದಾಲ್ಚಿನ್ನಿ ಬಿಸ್ಕತ್ತು ಬೇಯಿಸಿದ್ದಳು. ತಟ್ಟೆ ಹಾಗೆಯೇ ಉಳಿಯಿತು. ಮನೆ ಮಾರಿಸಿಕೊಡುವ ಏಜೆಂಟ್ ಟ್ರೂಡಿ ಒಂದು ಬಿಸ್ಕತ್ತು ಬಾಯಿಗೆ ಹಾಕಿಕೊಂಡು, "ಜನೆಲ್, ಆ ನಾತ ಹೋಗೋವರೆಗೂ ನಾನು ಯಾರನ್ನೂ ಕರ್ಕೊಂಡು ಬರಲ್ಲಮ್ಮ. ನನ್ನ ಮರ್ಯಾದೆನೂ ಹೋಗುತ್ತೆ," ಎಂದು ಹೇಳಿ ಹೋದಳು.

"ಹೋಗ್ಲಿ ಬಿಡು," ಎಂದ ಗಂಡ ಕರ್ಟ್, ನಗುನಗುತ್ತಾ. ಅವನು ಯಾವಾಗಲೂ ನಗುನಗುತ್ತಲೇ ಇರುತ್ತಾನೆ. "ಇವರಲ್ಲದಿದ್ರೆ ಇನ್ನೊಬ್ರು. ಇನ್ನೊಂಚೂರು ಚೆನ್ನಾಗಿ ತೊಳೆದು ನೋಡು."

ಜನೆಲ್‌ಗೆ ಮೈಯೆಲ್ಲ ಉರಿಯಿತು. ಇನ್ನೊಂಚೂರು ಚೆನ್ನಾಗಿ ಎಂದರೆ ಹೇಗೆ? ಕುದಿಯುವ ನೀರು ತುಂಬಿಸಿ, ಪಾತ್ರೆ ತೊಳೆಯುವ ಯಂತ್ರದ ಪುಡಿ ಸುರಿದು, ಗಂಟೆಗಟ್ಟಲೆ ಟಬ್ಬು ಓಡಿಸಿದ್ದಳು. ಒಂದು ವಾರ ಬ್ಲೀಚು, ಮುಂದಿನ ವಾರ ವಿನೆಗರ್. ಸವೆದ ಮಂಡಿ ಊರಿ ಕೂತು ಒಂದೊಂದು ತೂತಿಗೂ ಹಲ್ಲುಜ್ಜುವ ಬ್ರಷ್ ತೂರಿಸಿ ಉಜ್ಜಿದ್ದಳು. ಕೊಳಾಯಿ ರಿಪೇರಿಯವನು ಬಂದು ನೋಡಿ, ಕೆಟ್ಟಿರುವುದೇನೂ ಇಲ್ಲವೆಂದು ಹೇಳಿ ಹೋಗಿದ್ದ. ನಾತ ಎರಡು ದಿನ ಅಡಗಿ, ಮೂರನೆಯ ದಿನ ಮತ್ತೆ ಹಾಜರು.

ಈ ಮನೆ ಮಾರಾಟವಾಗದಿದ್ದರೆ ವಿನೆಬೆಗೊ ಸರೋವರದ ದಡದ ಫ್ಲ್ಯಾಟು ಕೈತಪ್ಪುತ್ತಿತ್ತು. ಎರಡೇ ಕೋಣೆ, ಆದರೆ ಎಲ್ಲಾ ನೆಲಮಟ್ಟದಲ್ಲಿ. ಶಾಲೆಯ ಅಡುಗೆಮನೆಯಲ್ಲಿ ನಿಂತು ನಿಂತು ಮಂಡಿ ಕಳೆದುಕೊಂಡಿದ್ದ ಜನೆಲ್‌ಗೆ ಮೆಟ್ಟಿಲಿಲ್ಲದ ಮನೆಯೆಂದರೆ ಸ್ವರ್ಗವೇ. ಅತ್ತೆ ಮಾರ್ಲಿಸ್ ಶೆಬಾಯ್ಗನ್‌ನ ವೃದ್ಧಾಶ್ರಮಕ್ಕೆ ಹೋಗುವುದೆಂದು ತೀರ್ಮಾನವಾಗಿತ್ತು. "ಅಮ್ಮನೇ ಕೇಳಿದ್ಲು. ಅವಳ ಗೆಳತಿಯರೆಲ್ಲ ಅಲ್ಲೇ ಇದಾರಂತೆ," ಎಂದಿದ್ದ ಕರ್ಟ್. ಜನೆಲ್‌ಗೆ ಅದು ಚುಚ್ಚಿತ್ತು. ಇಷ್ಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿಂದವರು, ತನಗೊಂದು ಮಾತು ಹೇಳಬಾರದಿತ್ತೇ? ಅತ್ತೆಯೋ ಆವತ್ತಿನಿಂದ ಹೂಂ, ಉಹೂಂ ಬಿಟ್ಟು ಮಾತೇ ಆಡುತ್ತಿರಲಿಲ್ಲ. ಹೋಗುವವರ ಬಿಂಕ ನೋಡು ಎಂದು ಇವಳೂ ಮುಖ ತಿರುಗಿಸಿದ್ದಳು.

ಮಾರನೆಯ ದಿನ ಮನೆಯಲ್ಲಿ ಹಾಲು ಮುಗಿದಿತ್ತು. ಈಚೆಗೆ ಹಾಲು ಎಷ್ಟು ತಂದರೂ ಸಾಲುತ್ತಿರಲಿಲ್ಲ. ತರಲು ಹೊರಟ ಜನೆಲ್ ಅರ್ಧ ದಾರಿಯಲ್ಲಿ ಪರ್ಸು ಮರೆತದ್ದು ನೆನಪಾಗಿ ವಾಪಸು ಬಂದಳು. ಮಹಡಿಯಲ್ಲಿ ಟಬ್ಬಿನ ಮೋಟರು ಓಡುತ್ತಿತ್ತು. ಕರ್ಟ್ ಕೆಲಸಕ್ಕೆ ಹೋಗಿದ್ದ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು.

ಟಬ್ಬಿನೊಳಗೆ ನೀರು ಬೆಳ್ಳಗೆ ನೊರೆಗಟ್ಟಿ ತಿರುಗುತ್ತಿತ್ತು. ಪಕ್ಕದಲ್ಲಿ ಮಾರ್ಲಿಸ್, ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಹಿಂದಿನ ದಿನವಷ್ಟೇ ತಂದಿದ್ದ ಹಾಲಿನ ಖಾಲಿ ಕ್ಯಾನು.

"ಏನು ಮಾಡ್ತಿದ್ದೀರಿ?"

ಮುದುಕಿ ಬೆಚ್ಚಲಿಲ್ಲ. ಮೋಟರು ಆರಿಸಿದಳು. "ಕಾಣ್ತಿಲ್ವಾ? ಹಾಲು ಓಡಿಸ್ತಿದ್ದೀನಿ. ನಲವತ್ತು ವರ್ಷ ಹಸು ಸಾಕಿದೋಳು ನಾನು. ಹಾಲು ಹರಿದ ಕೊಳವೆನ ತೊಳೀದೆ ಬಿಟ್ರೆ ಏನಾಗುತ್ತೆ ಅಂತ ನನಗೆ ಯಾರೂ ಹೇಳ್ಕೊಡಬೇಕಾಗಿಲ್ಲ."

"ನಾನು ಇಲ್ಲಿ ಮಂಡಿ ಊರಿ ಸಾಯ್ತಿದ್ದೆ. ನೀವು ಬಾಗಿಲಲ್ಲಿ ನಿಂತು ನೋಡ್ತಿದ್ರಿ," ಎಂದಳು ಜನೆಲ್. "ನಿಮಗೆ ಮನಸ್ಸು ಅನ್ನೋದೇ ಇಲ್ವಾ?"

"ನೋಡಿದೆ. ಖುಷಿನೂ ಆಯ್ತು. ನನ್ನನ್ನ ಮನೆಯಿಂದ ಆಚೆ ಹಾಕೋಳು ಅಷ್ಟಾದ್ರೂ ಒದ್ದಾಡ್ಲಿ ಅಂದ್ಕೊಂಡೆ."

"ಆಚೆ ಹಾಕೋಳು ಯಾರು?"

"ನೀನು ಕಣೇ, ಮತ್ಯಾರು? ಈ ಮುದುಕಿನ ನೋಡ್ಕೊಳ್ಳೋಕೆ ಇನ್ನು ನನ್ನ ಕೈಲಾಗಲ್ಲ, ಎಲ್ಲಾದ್ರೂ ಸೇರಿಸಿ ಬಾ ಅಂತ ಕರ್ಟ್ ಹತ್ರ ಅತ್ಕೊಂಡು ಹೇಳಿದೆಯಂತಲ್ಲ. ಪಾಪ, ಅವನು ಬೇಡ ಬೇಡ ಅಂದನಂತೆ. ಎಲ್ಲಾ ಜನೆಲ್ ತೀರ್ಮಾನ, ನಾನೇನು ಮಾಡಲಮ್ಮ ಅಂತ ನನ್ನ ಮುಂದೆ ಕಣ್ಣು ಒರೆಸ್ಕೊಂಡ."

ಜನೆಲ್ ಟಬ್ಬಿನ ಅಂಚಿನ ಮೇಲೆ ಕೂತಳು. ಕರ್ಟ್ ತನಗೆ ಹೇಳಿದ್ದೇನೆಂದು ಒಂದೊಂದೇ ಮಾತಾಗಿ ಹೇಳಿದಳು: ಅಮ್ಮನೇ ಕೇಳಿದ್ಲು, ಗೆಳತಿಯರು ಇದಾರಂತೆ.

"ಶೆಬಾಯ್ಗನ್‌ನಲ್ಲಿ ನನಗೆ ಒಂದು ನಾಯಿನೂ ಪರಿಚಯ ಇಲ್ಲ," ಎಂದಳು ಮಾರ್ಲಿಸ್.

ಬೆಣ್ಣೆಮಾತಿನ ಕರ್ಟ್ ಮಾಡಿದ್ದೆಲ್ಲ ಆಗ ಬಿಚ್ಚಿಕೊಂಡಿತು. ಹೆಂಡತಿಯ ಮುಂದೆ ತಾಯಿಯ ಹೆಸರು, ತಾಯಿಯ ಮುಂದೆ ಹೆಂಡತಿಯ ಹೆಸರು, ತನ್ನ ಕೈ ಮಾತ್ರ ಚೊಕ್ಕಟ. ಫ್ಲ್ಯಾಟಿನ ಎರಡನೆಯ ಕೋಣೆಯಲ್ಲಿ ಮೀನು ಹಿಡಿಯುವ ಸಾಮಾನನ್ನೆಲ್ಲ ಹೇಗೆ ಜೋಡಿಸಬೇಕೆಂದು ಅವನು ಆಗಲೇ ಅಳತೆ ತೆಗೆದಿಟ್ಟಿದ್ದ. ತಾಯಿಯ ಮಂಚದ ಜಾಗಕ್ಕೆ ಗಾಳದ ಕೋಲು. ಜನೆಲ್‌ಗೆ ಹುಟ್ಟಿದಂದಿನಿಂದ ಇಷ್ಟು ಸಿಟ್ಟು ಬಂದಿರಲಿಲ್ಲ. ಟಬ್ಬಿನ ಮೇಲಿನ ಸಿಟ್ಟು, ಟ್ರೂಡಿಯ ಮೇಲಿನ ಸಿಟ್ಟು, ಅತ್ತೆಯ ಮೇಲಿನ ಸಿಟ್ಟು ಎಲ್ಲಾ ಸೇರಿ ಒಬ್ಬನ ಕಡೆಗೇ ತಿರುಗಿತು.

"ಮೊದಲು ಇದನ್ನ ತೊಳೆಯೋಣ," ಎಂದು ಎದ್ದು ಬಿಸಿನೀರಿನ ನಲ್ಲಿಗೆ ಕೈ ಹಾಕಿದಳು.

ಮಾರ್ಲಿಸ್ ಊರುಗೋಲಿನಿಂದ ಆ ಕೈ ಮೇಲೆ ಮೆಲ್ಲಗೆ ತಟ್ಟಿದಳು. "ಕುದಿಯೋ ನೀರು ಬಿಟ್ರೆ ಹಾಲು ಕೊಳವೆಯೊಳಗೇ ಬೆಂದು ಅಂಟ್ಕೊಳ್ಳುತ್ತೆ. ದಿನಾ ನೀನು ಮಾಡಿದ್ದು ಅದನ್ನೇ. ಮೊದಲು ಉಗುರುಬೆಚ್ಚಗಿನ ನೀರು, ತಿಳಿಯಾಗೋವರೆಗೂ. ಆಮೇಲೆ ಸುಡುನೀರು, ಪುಡಿ. ಅದನ್ನ ಪೂರ್ತಿ ತೊಳೆದು ಹಾಕಿ, ಕೊನೆಗೆ ವಿನೆಗರ್. ಕೊಟ್ಟಿಗೆಲಿ ಹಾಲು ಕರೆಯೋ ಯಂತ್ರಕ್ಕೆ ದಿನಕ್ಕೆರಡು ಸಲ ಹೀಗೇ ಮಾಡ್ತಿದ್ದೆ."

"ಹೇಳಬಹುದಿತ್ತಲ್ಲ."

"ನೀನೂ ಕೇಳಬಹುದಿತ್ತು, ನಿಜವಾಗ್ಲೂ ಹೋಗ್ತೀರಾ ಅಂತ."

ಜನೆಲ್ ಉಗುರುಬೆಚ್ಚಗಿನ ನೀರು ಬಿಟ್ಟಳು. ಇಬ್ಬರೂ ಸಂಜೆಯವರೆಗೆ ತೊಳೆದರು. ಕೊಳವೆಗಳಿಂದ ಮೊಸರಿನಂಥ ಗಂಟು, ಕಪ್ಪು ಪೊರೆ, ಬೂದು ನೀರು ಬಂದವು. ಆಮೇಲೆ ಬರಿಯ ನೀರು ಬಂತು. ಮಾರ್ಲಿಸ್ ಬಗ್ಗಿ ಮೂಸಿ ನೋಡಿ ತಲೆಯಾಡಿಸಿದಳು.

ಕರ್ಟ್ ಬಂದವನು ಕೆಳಗಿನಿಂದಲೇ ಮೂಗರಳಿಸಿದ. "ನಾತ ಹೋಗಿದೆ! ನಾನು ಹೇಳ್ಲಿಲ್ವಾ?" ಎನ್ನುತ್ತಾ ಮಹಡಿ ಹತ್ತಿ ಬಂದ. ತಾಯಿ, ಹೆಂಡತಿ ಟಬ್ಬಿನ ಅಂಚಿನ ಮೇಲೆ ಒತ್ತೊತ್ತಾಗಿ ಕೂತಿದ್ದರು. ಅದನ್ನು ಕಂಡು ಅವನ ನಗು ಸ್ವಲ್ಪ ಸಡಿಲವಾಯಿತು.

"ಶೆಬಾಯ್ಗನ್‌ಗೆ ಹೋಗ್ತೀನಿ ಅಂತ ಯಾರು ಹೇಳಿದ್ದು, ಕರ್ಟ್?" ಎಂದಳು ಜನೆಲ್. "ಅತ್ತೆನ ಕಳಿಸು ಅಂತ ಅತ್ತಿದ್ದು ಯಾರು?"

ಅವನು ಒಬ್ಬಳ ಮುಖ ನೋಡಿದ, ಇನ್ನೊಬ್ಬಳ ಮುಖ ನೋಡಿದ. "ನೀವಿಬ್ರೂ ಜಗಳ ಆಡಬಾರದು ಅಂತ... ಎಲ್ಲರಿಗೂ ಸುಲಭ ಆಗ್ಲಿ ಅಂತ..."

"ನಿನಗೆ ಸುಲಭ ಆಗ್ಲಿ ಅಂತ. ನಾಳೆನೇ ಟ್ರೂಡಿಗೆ ಫೋನ್ ಮಾಡ್ತೀನಿ. ಈ ಮನೆ ಮಾರ್ತೀನಿ, ಆ ಫ್ಲ್ಯಾಟ್ ತಗೋತೀನಿ. ಅಲ್ಲಿರೋದು ಎರಡು ಕೋಣೆ. ಒಂದು ನನಗೆ, ಒಂದು ಅತ್ತೆಗೆ."

"ಮತ್ತೆ ನಾನು?" ಎಂದ ಕರ್ಟ್. ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ತಾಯಿಯ ಕಡೆ ತಿರುಗಿದ. "ಅಮ್ಮಾ, ನೀನಾದ್ರೂ ಹೇಳು."

ಮಾರ್ಲಿಸ್ ಒದ್ದೆ ಕೈಯನ್ನು ನಿಧಾನವಾಗಿ ಟವಲಿಗೆ ಒರೆಸಿಕೊಂಡಳು.

"ನಾನೇನು ಮಾಡಲಪ್ಪ," ಎಂದಳು. "ಎಲ್ಲಾ ಜನೆಲ್ ತೀರ್ಮಾನ."