ತಣ್ಣೀರಿನ ಹತ್ತು ನಿಮಿಷ

ನಾನು ಒಂದು ಸಾಸಿವೆ ಡಬ್ಬಿ. ಒಲೆಯ ಪಕ್ಕದ ಒಗ್ಗರಣೆ ಡಬ್ಬಿಯ ಜಾತಿಯವನಲ್ಲ, ಊಟದ ಮೇಜಿನ ಮೇಲೆ ಕೂರುವವನು. ಎತ್ತರ ಎರಡೂವರೆ ಅಂಗುಲ. ಹೊರಮೈಗೆ ಬೆಳ್ಳಿಯ ಲೇಪ, ಒಳಗೆ ತೆಗೆದು ತೊಳೆಯಬಹುದಾದ ನೀಲಿ ಗಾಜಿನ ಬಟ್ಟಲು, ಮೇಲೆ ಕೀಲಿನ ಮುಚ್ಚಳ. ಮುಚ್ಚಳದ ಅಂಚಿನಲ್ಲಿ ಪುಟ್ಟ ಚಮಚದ ಕಡ್ಡಿ ಹೊರಚಾಚಲು ಒಂದು ಕಚ್ಚು. ಗಾಜು ಇರುವುದು ಚೆಂದಕ್ಕಲ್ಲ. ಸಾಸಿವೆಯಲ್ಲಿ ಗಂಧಕದ ಅಂಶವಿದೆ, ಅದು ತಗುಲಿದರೆ ಬೆಳ್ಳಿ ಕಪ್ಪಾಗುತ್ತದೆ.

ನಾನು ಹುಟ್ಟಿದ್ದು 1921ರಲ್ಲಿ, ಇಂಗ್ಲೆಂಡಿನ ಶೆಫೀಲ್ಡಿನ ಒಂದು ಕಾರ್ಖಾನೆಯಲ್ಲಿ. ನನ್ನನ್ನು ಚಕ್ರಕ್ಕೆ ಹಿಡಿದು ಹೊಳಪು ಕೊಟ್ಟ ಹೆಂಗಸು ಮಧ್ಯಾಹ್ನ ಎರಡು ಬ್ರೆಡ್ಡಿನ ನಡುವೆ ತಣ್ಣನೆಯ ಮಾಂಸವಿಟ್ಟು, ಅದರ ಮೇಲೆ ಹಳದಿ ಸಾಸಿವೆ ಸವರಿ ತಿನ್ನುತ್ತಿದ್ದಳು. ಎರಡು ತುತ್ತಿಗೊಮ್ಮೆ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಇಂಗ್ಲಿಷರ ಊಟದ ಬಗ್ಗೆ ನನಗೆ ಸಿಕ್ಕ ಮೊದಲ ಸಾಕ್ಷ್ಯ ಅದು. ಆ ಊಟಕ್ಕೆ ಲೋಕದಲ್ಲಿ ಎಂಥ ಹೆಸರಿದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ ಮತ್ತು ನಾನು, ಮೂವರೂ ಒಂದೇ ತಟ್ಟೆಯ ಮೇಲೆ ಕುಳಿತು ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ಗೂಡ್ಸ್ ಗಾಡಿಯಲ್ಲಿ ಧಾರವಾಡ ಸೀಮೆಯ ಒಂದು ರೈಲ್ವೆ ಜಂಕ್ಷನ್ನಿಗೆ ಬಂದೆವು. ಅಲ್ಲಿ ಎರಡು ಊಟದ ಕೋಣೆಗಳಿದ್ದವು. ಒಂದು ಇಂಗ್ಲಿಷ್ ಊಟದ್ದು, ಇನ್ನೊಂದು ಸಸ್ಯಾಹಾರಿಗಳದ್ದು. ಎರಡರ ಅಡುಗೆಮನೆಗಳ ನಡುವೆ ಒಂದೇ ಗೋಡೆ, ಗೋಡೆಯಲ್ಲಿ ಒಂದು ಕಿಂಡಿ. ಆ ಕಿಂಡಿಯ ಮೂಲಕ ದಾಟುತ್ತಿದ್ದವು ಎರಡೇ: ವಾಸನೆ ಮತ್ತು ಮಾತು.

ನನ್ನ ಕೋಣೆಗೆ ಮರುವರ್ಷ ಇನಾಸ ಎಂಬ ಅಡುಗೆಯವನು ಸೇರಿಕೊಂಡ. ಕಾರವಾರದ ಕಡೆಯ ಕ್ರಿಸ್ತುವರ ಹುಡುಗ, ಆಗ ಇಪ್ಪತ್ತೆರಡರ ಪ್ರಾಯ. ಅವನಿಗೆ ಮೊದಲು ವಹಿಸಿದ ಕೆಲಸವೇ ಸಾಸಿವೆ ಪುಡಿ ಕಲಸುವುದು. ಮನುಷ್ಯರ ಹೊಟ್ಟೆಗೆ ಹೋಗುವುದು ಯಾವುದಾದರೂ ಬೆಂಕಿ ಕಂಡಿರಬೇಕು ಎಂದು ಅವನ ಮನೆಯಲ್ಲಿ ಕಲಿಸಿದ್ದರು. ಹಾಗಾಗಿ ಶ್ರದ್ಧೆಯಿಂದ ಕುದಿಯುವ ನೀರು ಹಾಕಿ ಕಲಸಿದ. ನಾನು ತುಂಬಿಕೊಂಡು ಮೇಜಿಗೆ ಹೋದೆ, ತುಂಬಿದಂತೆಯೇ ಮರಳಿ ಬಂದೆ. "ಹಳದಿ ಕೆಸರು" ಎಂದು ಒಬ್ಬ ಎಂಜಿನ್ ಡ್ರೈವರ್ ಹೇಳಿ ಕಳಿಸಿದ್ದ. ಮೂರು ದಿನ ಹೀಗೇ ಆಯಿತು. ಇನ್ನೊಂದು ಸಲ ಡಬ್ಬಿ ಹಿಂದೆ ಬಂದರೆ ಗಂಟು ಕಟ್ಟು ಎಂದ ಆಗಿನ ಮುಖ್ಯ ಅಡುಗೆಯವನು.

ನಾಲ್ಕನೆಯ ದಿನ ಒಲೆ ಹೊತ್ತಲು ತಡವಾಯಿತು. ಇನಾಸ ಗಡಿಬಿಡಿಯಲ್ಲಿ ಹೂಜಿಯ ತಣ್ಣೀರನ್ನೇ ಹಾಕಿ ಕಲಸಿ ಕಳಿಸಿದ. ಅದೇ ಡ್ರೈವರ್ ಕಣ್ಣು ಕೆಂಪಗೆ ಮಾಡಿಕೊಂಡು ಅಡುಗೆಮನೆಗೇ ಬಂದು ಅವನ ಕೈ ಕುಲುಕಿ ಹೋದ.

ಬೇರೆಯವನಾಗಿದ್ದರೆ ದೇವರ ದಯೆ ಎಂದು ಸುಮ್ಮನಾಗುತ್ತಿದ್ದ. ಇನಾಸ ಸುಮ್ಮನಾಗಲಿಲ್ಲ. ಎರಡು ಗಾಡಿಗಳ ನಡುವಿನ ಬಿಡುವಿನಲ್ಲಿ ನಾಲ್ಕು ಸಾಸರುಗಳಿಗೆ ಒಂದೊಂದು ಚಮಚ ಪುಡಿ ಹಾಕಿದ. ಒಂದಕ್ಕೆ ಕುದಿನೀರು, ಒಂದಕ್ಕೆ ಉಗುರುಬೆಚ್ಚಗಿನದು, ಒಂದಕ್ಕೆ ತಣ್ಣೀರು, ಒಂದಕ್ಕೆ ವಿನಿಗರ್. ಎದುರಿಗೆ ಗಡಿಯಾರವಿಟ್ಟುಕೊಂಡು ನಿಮಿಷಕ್ಕೊಮ್ಮೆ ಒಂದೊಂದನ್ನೂ ಮೂಸಿದ. ಕುದಿನೀರಿನ ಸಾಸರು ಸತ್ತೇಹೋಗಿತ್ತು, ಬರೀ ಕಹಿ. ವಿನಿಗರಿನದು ಮಂದ. ತಣ್ಣೀರಿನದು ಮೊದಲು ಮೂಕವಾಗಿದ್ದು, ಬರಬರುತ್ತ ಏರಿ, ಹತ್ತನೆಯ ನಿಮಿಷಕ್ಕೆ ನೆತ್ತಿಗೆ ಹೊಡೆಯಿತು. ಸಂಜೆಯ ಹೊತ್ತಿಗೆ ಅದೂ ಇಳಿದಿತ್ತು. ಇನಾಸ ನನ್ನ ಗೂಡಿನ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಬರೆದ: ತಣ್ಣೀರು, ಹತ್ತು ನಿಮಿಷ. ಪ್ರತಿ ವರ್ಷ ಸುಣ್ಣ ಬಳಿದಾಗ ಅದು ಅಳಿಯುತ್ತಿತ್ತು. ಪ್ರತಿ ವರ್ಷ ಅವನು ಮತ್ತೆ ಬರೆಯುತ್ತಿದ್ದ.

ಗೋಡೆಯ ಆಚೆಗೆ ವೆಂಕೋಬಾಚಾರ್ರು. ಸಸ್ಯಾಹಾರಿ ಕೋಣೆಯ ಅಡುಗೆ ಅವರದು. ಅವರ ಸಾರಿಗೆಂದೇ ಜನ ಬಂದ ಗಾಡಿ ಬಿಟ್ಟು ಮುಂದಿನ ಗಾಡಿ ಹತ್ತುತ್ತಿದ್ದರು. ಇನಾಸನ ಅಡುಗೆಯನ್ನು ಅವರು ಒಂದು ದಿನವೂ ಅಡುಗೆ ಎಂದು ಒಪ್ಪಲಿಲ್ಲ.

"ಏನ್ ಮಾಡೀಯೋ ಇನಾಸ ಇವತ್ತ?"

"ಆಲೂಗಡ್ಡಿ, ಕೋಬಿ, ಮಟನ್ ರೀ ಆಚಾರ್ರ."

"ಮಾಡೀನಿ ಅನಬ್ಯಾಡ, ಕುದಿಸೀನಿ ಅನ್ನು. ಒಗ್ಗರಣಿ ಇಲ್ಲ, ಹುಳಿ ಇಲ್ಲ, ಖಾರ ಇಲ್ಲ. ಅದೇನ್ ಊಟನೋ ಬಾಣಂತಿ ಪಥ್ಯನೋ?"

"ದೊರಿಗಳ ನಾಲಿಗಿ ಹಂಗ ಐತಿ ಏನ್ರಿ ಮಾಡೂದು."

"ನಾಲಿಗಿ ಇದ್ದರಲ್ಲೇನೋ!"

ಇನಾಸ ನಗುತ್ತಿದ್ದ. ಆದರೆ ಆಮೇಲೆ ಬಹಳ ಹೊತ್ತು ನನ್ನನ್ನು ಉಜ್ಜುತ್ತಿದ್ದ. ಬೇಕಾದ್ದಕ್ಕಿಂತ ಹೆಚ್ಚು ಉಜ್ಜುತ್ತಿದ್ದ ಎಂದು ನನ್ನ ಬೆಳ್ಳಿ ಬಲ್ಲದು.

ಆಚಾರ್ರ ಮಾತು ಅವರೊಬ್ಬರದೇ ಆಗಿರಲಿಲ್ಲ. ಮೇಜಿನ ಸುತ್ತ ಕುಳಿತ ಹಲವು ದೇಶದವರ ಬಾಯಲ್ಲಿ ನಾನು ಅದನ್ನೇ ಕೇಳಿದ್ದೇನೆ. ಫ್ರಾನ್ಸಿನವರ ಸಾಸುಗಳನ್ನು ಹೊಗಳುವವರು, ಇಟಲಿಯ ಟೊಮೆಟೊ, ಚೀನಿಯರ ಬಾಣಲೆ, ಲಖನೌದ ಕಬಾಬುಗಳನ್ನು ನೆನೆಯುವವರು ಕಡೆಗೆ ಎದುರಿನ ತಟ್ಟೆ ನೋಡಿ ನಿಟ್ಟುಸಿರಿಡುತ್ತಿದ್ದರು. ವಿಚಿತ್ರವೆಂದರೆ ಇಂಗ್ಲಿಷರಿಗೂ ಅಳುಕಿತ್ತು. ಅವರ ಊಟದ ಪಟ್ಟಿಯನ್ನು ಫ್ರೆಂಚಿನಲ್ಲಿ ಅಚ್ಚು ಹಾಕಿಸಿದ್ದರು. ಬಟಾಣಿ ಸೂಪಿಗೂ ಬೇರೆ ದೇಶದ ಹೆಸರು ಬೇಕಾಗಿತ್ತು. ಪಟ್ಟಿಯಲ್ಲಿ ಹೆಸರಿಲ್ಲದವರು ನಾವು ಮೂವರೇ.

ಇನ್ನೊಂದು ಸಂಗತಿಯನ್ನೂ ಗಮನಿಸಿದ್ದೆ. ಬೇಸಿಗೆಯಲ್ಲಿ ಕೆಲವು ದಿನ ಕಿಂಡಿಯಿಂದ ನನ್ನದೇ ವಾಸನೆ ಬರುತ್ತಿತ್ತು. ಆಚಾರ್ರು ಸೌತೆಕಾಯಿ ಹೆಚ್ಚಿ, ಹಸಿ ಸಾಸಿವೆಯನ್ನು ತೆಂಗಿನಕಾಯಿಯ ಜೊತೆ ಅರೆದು, ಮೊಸರಿಗೆ ಬೆರೆಸುತ್ತಿದ್ದ ದಿನಗಳವು. ಆ ಪದಾರ್ಥದ ಹೆಸರೇ ಸಾಸಿವೆ. ಅದನ್ನು ಅವರು ಒಲೆಗೆ ತೋರಿಸುತ್ತಿರಲಿಲ್ಲ. ಗೋಡೆಯ ಎರಡೂ ಬದಿಗೆ ಒಂದೇ ಕೆಲಸ ನಡೆದಿತ್ತು. ಆದರೆ ನನ್ನ ಮುಚ್ಚಳವನ್ನು ಬೇರೆಯವರೇ ತೆಗೆಯಬೇಕು, ಹೇಳಲು ನನಗೆ ಬಾಯಿಯಿಲ್ಲ.

ಮೂವತ್ತು ವರ್ಷ ಹೀಗೆ ಕಳೆದವು. ದೊರೆಗಳು ಹೋದರು. 1952ರ ಏಪ್ರಿಲ್‌ನಲ್ಲಿ ಒಂದು ಕಾಗದ ಬಂತು. ಎರಡೂ ಅಡುಗೆಮನೆಗಳನ್ನು ಒಂದು ಮಾಡುವ ಯೋಚನೆಯಿದೆ, ಇಂಗ್ಲಿಷ್ ಕೋಣೆಯ ಅಡುಗೆಯವನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸಲು ಇನ್ಸ್‌ಪೆಕ್ಟರ್ ಬಂದು ಊಟ ಮಾಡಿ ನೋಡುತ್ತಾರೆ. ಬೇಡವೆಂದಾದರೆ ಇನಾಸ ಪ್ಲಾಟ್‌ಫಾರ್ಮಿನ ಚಹಾ ಅಂಗಡಿಯಲ್ಲಿ ಕಪ್ಪು ತೊಳೆಯಬೇಕು.

"ಮಸಾಲಿ ಹಾಕಿ ಏನರ ಮಾಡೋ," ಎಂದರು ಆಚಾರ್ರು ಕಿಂಡಿಯಿಂದ. "ಬರಾವ ನಮ್ಮ ದೇಶದಾವ. ನಿನ್ನ ಸಪ್ಪಿ ಊಟ ಉಂಡು ಏನಂತ ಬರದಾನು?"

ಇನಾಸ ಆಲೂಗಡ್ಡೆ ಹೆರೆಯುತ್ತಿದ್ದ. "ಮೂವತ್ತ ವರ್ಷ ಮಾಡಿದ್ದನ್ನ ಮಾಡ್ತೀನಿ ಆಚಾರ್ರ. ಅದು ಅಡಗಿ ಅಲ್ಲಂದ್ರ, ಅಲ್ಲ ಅಂತನ ಅವರು ಬರೀಲಿ. ನನಗೂ ಗೊತ್ತಾಗ್ಲಿ."

ಕೊನೆಯ ಮಾತು ಹೇಳುವಾಗ ಅವನ ಕೈ ನಿಂತಿತ್ತು. ಮೂವತ್ತು ವರ್ಷದ ನಗುವಿನ ಕೆಳಗೆ ಅವನು ಮುಚ್ಚಿಟ್ಟ ಪ್ರಶ್ನೆ ಇದೇ ಎಂದು ನನಗೆ ಆಗ ತಿಳಿಯಿತು.

ಪರೀಕ್ಷೆಯ ದಿನವೇ ಊರಲ್ಲಿ ಕಾಲರಾ ಸುದ್ದಿ. ಬೆಳಿಗ್ಗೆ ಆರೋಗ್ಯ ಇಲಾಖೆಯ ಜವಾನ ಬಂದು ಬಾವಿಗೂ ತೊಟ್ಟಿಗೂ ಇನಾಸನ ಹೂಜಿಗಳಿಗೂ ಕೆನ್ನೇರಳೆ ಔಷಧಿ ಸುರಿದು, ಸೋಡಾ ಪೆಟ್ಟಿಗೆಗೆ ಸೀಲು ಹಾಕಿ ಹೋದ. ಆಚಾರ್ರ ಅಡುಗೆಮನೆಗೆ ಮಾತ್ರ ಕಾಲಿಡಲಾಗಲಿಲ್ಲ. "ನಸುಕಿನ್ಯಾಗ ಕುದಿಸಿ ಆರಿಸಿಟ್ಟೀನಿ, ನಿಮ್ಮ ಡಾಕ್ಟರ್ರ ಬಂದು ನೋಡಿ ಹೋಗ್ಯಾರ" ಎಂದು ಅವರು ಬಾಗಿಲಲ್ಲೇ ನಿಂತುಬಿಟ್ಟರು. ಇನಾಸ ಸೂಪಿಗೂ ತರಕಾರಿಗೂ ಹೊರಗಿನಿಂದ ಹೊಸ ನೀರು ತರಿಸಿ ಕುದಿಸಿದ. ಅಷ್ಟರಲ್ಲಿ ಗಾಡಿ ಬಂತು.

ಇನ್ಸ್‌ಪೆಕ್ಟರ್ ಕುಶಾಲಪ್ಪ ಕೊಡಗಿನವರು, ಯುದ್ಧದಲ್ಲಿ ಇಟಲಿ, ಫ್ರಾನ್ಸ್ ಎಲ್ಲ ತಿರುಗಿದವರು. ಕುಳಿತ ಕೂಡಲೆ ಸ್ಟೇಷನ್ ಮಾಸ್ತರರಿಗೆ ಹೇಳಿದರು: "ನೇಪಲ್ಸಿನಲ್ಲಿ ಒಬ್ಬಳು ಮುದುಕಿ ಬರೀ ಬೆಳ್ಳುಳ್ಳಿ, ಎಣ್ಣೆಯಲ್ಲಿ ಏನು ಊಟ ಹಾಕಿದಳು ಗೊತ್ತಾ? ವಾಪಸ್ ಕ್ಯಾಂಪಿಗೆ ಬಂದರೆ ಇಂಗ್ಲಿಷರ ಬೇಯಿಸಿದ ಕೋಸು! ನನಗೇನೂ ಆಸೆ ಇಲ್ಲ, ಶಾಸ್ತ್ರಕ್ಕೆ ಬಂದಿದ್ದೇನೆ."

ಸೂಪು ಹೋಯಿತು. ಮುಂದಿನದು ತಣ್ಣನೆಯ ಹ್ಯಾಮ್. ಉಪ್ಪಿನಲ್ಲಿ ಹದ ಮಾಡಿದ ಹಂದಿಮಾಂಸ ಅದು, ಸಾಸಿವೆಯಿಲ್ಲದೆ ಬರೀ ಉಪ್ಪುಪ್ಪು. ಇನಾಸ ನನ್ನೊಳಗೆ ಪುಡಿ ಹಾಕಿ ಹೂಜಿ ಬಗ್ಗಿಸಿದ. ನೇರಳೆ ನೀರು ಕಂಡು, ಹನಿ ಬೀಳುವ ಮೊದಲೇ ತಡೆದ; ಆ ಔಷಧಿ ಬಿದ್ದರೆ ಸಾಸಿವೆಯ ಬಣ್ಣವೂ ರುಚಿಯೂ ಕೆಡುತ್ತವೆ. ಈ ಗಲಾಟೆಯಲ್ಲಿ ನನಗೆ ಬೇಕಾದ ನಾಲ್ಕು ಚಮಚ ನೀರನ್ನು ಆರಿಸಿಡಲು ಅವನು ಮರೆತಿದ್ದ. ಒಲೆಯ ಮೇಲೆ ಕೆಟಲ್ ಕುದಿಯುತ್ತಿತ್ತು. ಊಟದ ಕೋಣೆಯಿಂದ ಗಂಟೆ ಬಾರಿಸಿದರು. ಬೇರೆ ದಾರಿ ಕಾಣದೆ ಅವನ ಕೈ ಕೆಟಲಿನ ಹಿಡಿಗೆ ಹೋಯಿತು.

"ಏ ಮೂರ್ಖಾ!" ಕಿಂಡಿಯಲ್ಲಿ ಆಚಾರ್ರ ಮುಖ. ತಮಾಷೆ ನೋಡಲೆಂದು ಗಾಡಿ ಬಂದಾಗಿನಿಂದ ಅಲ್ಲೇ ನಿಂತಿದ್ದರು. "ಹಸಿ ಸಾಸ್ವಿಗೆ ಕುದಿಯೋ ನೀರ್ ಹಾಕ್ತಾರೇನೋ? ಸಾಯ್ತದ ಅದು!"

ಇನಾಸ ತಿರುಗಿದ. "ನಿಮಗ ಹ್ಯಾಂಗ ಗೊತ್ತು?"

"ನಮ್ಮವ್ವ ಸಾಸ್ವಿ ಅರೀತಿದ್ದಳಲ್ಲೊ. ನೀ ಇಷ್ಟು ವರ್ಷ ಅದನ್ನ ಏನ್ ಹಾಕಿ ಕಲಸ್ತಿದ್ದಿ?"

"ತಣ್ಣೀರ್ರಿ."

ಆಚಾರ್ರು ತಿರುಗಿ ತಮ್ಮ ಹಂಡೆಯ ಮುಚ್ಚಳ ಸರಿಸಿದರು.

"ಡಬ್ಬಿ ಕಿಂಡ್ಯಾಗ ಇಡು. ಕೈ ಹಿಂದ ತಗೋ," ಎಂದರು ಆಚಾರ್ರು.

ಅವರು ತಾಮ್ರದ ಹಂಡೆಯಿಂದ ಉದ್ದ ಹಿಡಿಯ ಸೌಟಿನಲ್ಲಿ ನೀರು ತಂದು, ನನಗೆ ತಾಗದಂತೆ ಗೇಣೆತ್ತರದಿಂದ ಸುರಿದರು. ಒಂದು ಹನಿಯೂ ಆಚೆ ಬೀಳಲಿಲ್ಲ. ಆಮೇಲೆ ಆ ಸೌಟನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದರು. ತೊಳೆದದ್ದೂ ನಿಜ, ನೀರು ಕೊಟ್ಟದ್ದೂ ನಿಜ.

"ಹತ್ತ ನಿಮಿಷ ಬೇಕು," ಎಂದ ಇನಾಸ.

"ಗೊತ್ತದ. ಹೋಗಿ ಇನ್ನೊಂದ್ಸಲ ಸೂಪು ಬಡಸು. ಉಣ್ಣಾವರನ್ನ ಕೂಡಿಸೂದೂ ಅಡಗೀನ."

ಹತ್ತು ನಿಮಿಷ ನನ್ನ ನೀಲಿ ಗಾಜಿನೊಳಗೆ ಸಾಸಿವೆ ಮೆಲ್ಲನೆ ಎದ್ದಿತು. ನಾನು ಮೇಜಿಗೆ ಹೋದೆ. ಕುಶಾಲಪ್ಪನವರು, ಇಂಗ್ಲಿಷರದಲ್ಲವೇ ಸಪ್ಪೆಯೇ ಇರಬೇಕು ಎಂದುಕೊಂಡು, ಚಟ್ನಿ ಬಡಿಸಿಕೊಳ್ಳುವಂತೆ ಧಾರಾಳವಾಗಿ ತೆಗೆದು ಹ್ಯಾಮಿನ ಜೊತೆ ಬಾಯಿಗಿಟ್ಟರು. ಮುಖ ಕೆಂಪಾಯಿತು. ಕಣ್ಣಲ್ಲಿ ನೀರು. ಮೇಜನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. ಬಾಗಿಲಲ್ಲಿ ನಿಂತಿದ್ದ ಇನಾಸ ಶಿಲುಬೆ ಗುರುತು ಹಾಕಿಕೊಂಡ.

"ಅಯ್ಯೋ!" ಎಂದರು ಅವರು, ಉಸಿರು ಮರಳಿದ ಮೇಲೆ. ಎರಡನೆಯ ತುಂಡಿಗೆ ಸ್ವಲ್ಪವೇ ಸವರಿ, ನಿಧಾನವಾಗಿ ಅಗಿದರು. ಮೂರನೆಯದನ್ನೂ ತಿಂದರು. "ಕ್ಯಾಂಪಿನಲ್ಲೂ ಹಳದಿ ಸಾಸಿವೆ ಇತ್ತು. ಬೆಳಿಗ್ಗೆ ಕಲಸಿದ್ದನ್ನು ರಾತ್ರಿ ಕೊಡುತ್ತಿದ್ದರು. ಇದನ್ನು ಕಲಸಿದ್ದು ಯಾರು?"

"ನಾನ ಸಾಹೇಬ್ರ. ನೀರು ಮಾತ್ರ ಆಚಾರ್ರದು."

ಕುಶಾಲಪ್ಪನವರಿಗೆ ಅದು ಅರ್ಥವಾಗಲಿಲ್ಲ, ಕೇಳಲೂ ಇಲ್ಲ. ನನ್ನನ್ನೂ ನನ್ನ ಇಬ್ಬರು ಸೋದರರನ್ನೂ ಬೆರಳಿನಿಂದ ಸಾಲಾಗಿ ಜೋಡಿಸಿದರು. "ಫ್ರಾನ್ಸಿನವನು ರುಚಿಯನ್ನು ಅಡುಗೆಮನೆಯೊಳಗೇ ಮುಗಿಸಿ ಕಳಿಸುತ್ತಾನೆ. ಇಂಗ್ಲಿಷರು ಅರ್ಧ ಇಲ್ಲಿ, ಮೇಜಿನ ಮೇಲೆ ಇಟ್ಟಿರುತ್ತಾರೆ, ಉಣ್ಣುವವನು ಮುಗಿಸಿಕೊಳ್ಳಬೇಕು. ಯುದ್ಧದಲ್ಲಿ ನಮಗೆ ಸಿಕ್ಕಿದ್ದು ಬರೀ ಒಳಗಿನ ಅರ್ಧ."

ವರದಿಯಲ್ಲಿ ಅವರು ಬರೆದದ್ದನ್ನು ಸ್ಟೇಷನ್ ಮಾಸ್ತರರು ಓದಿ ಹೇಳಿದರು: ಕೋಸು ಹೆಚ್ಚು ಬೆಂದಿದೆ, ಅಡುಗೆಯವನಿಗೆ ಅಡುಗೆ ಗೊತ್ತಿದೆ, ಇಟ್ಟುಕೊಳ್ಳಬೇಕು.

ಇನಾಸ ಕಿಂಡಿಗೆ ಹೋಗಿ ಸುದ್ದಿ ಹೇಳಿದ. ಆಚಾರ್ರು ಒಗ್ಗರಣೆ ಸೌಟಿನಿಂದ ಕಣ್ಣು ತೆಗೆಯಲಿಲ್ಲ. "ಬಾಳಿಎಲಿ ತುದಿಗೆ ನಾವೂ ಉಪ್ಪು, ಉಪ್ಪಿನಕಾಯಿ ಬಡಸ್ತೀವಿ. ಅದಕ್ಕ ಅಡಗಿ ಅನ್ನೂದಿಲ್ಲ," ಎಂದರು.

ಕೆಲಸ ಉಳಿಯಿತು. ಆದರೆ ಬೇಕಿದ್ದ ಮಾತು ಆ ಬಾಯಿಂದ ಬರಲಿಲ್ಲ.

ಆರು ವರ್ಷಗಳ ಮೇಲೆ ಇಂಗ್ಲಿಷ್ ಕೋಣೆ ಮುಚ್ಚಿತು. ಉಪ್ಪು, ಮೆಣಸಿನ ಸೋದರರು ಎಲ್ಲಿಗೋ ಹೋದರು. ನನ್ನೊಬ್ಬನನ್ನು ಇನಾಸ ಕೇಳಿ ಪಡೆದು, ನಿವೃತ್ತನಾದ ಮೇಲೆ ಸ್ಟೇಷನ್ ಹಿಂದಿನ ಓಣಿಯ ತನ್ನ ಮನೆಯಲ್ಲಿಟ್ಟುಕೊಂಡ. ನಾಲ್ಕು ಮನೆ ಆಚೆಗೆ ಆಚಾರ್ರ ಮನೆ. ಒಂದು ಜ್ವರ ಬಂದು ಆಚಾರ್ರ ಮೂಗಿಗೆ ವಾಸನೆಯೇ ತಿಳಿಯದಾಯಿತು.

"ಇಂಗಿನ ವಾಸನಿನೂ ಬರೂದಿಲ್ಲೋ ಇನಾಸ," ಎಂದರು ನಮ್ಮ ಕಂಪೌಂಡಿನ ಹೊರಗೆ ನಿಂತು. "ಉಣ್ಣೂದಂದ್ರ ಮಣ್ಣ ತಿಂದಂಗ ಆಗೇದ."

ಇನಾಸ ನನ್ನನ್ನು ತಂದ. ಆಚಾರ್ರು ಹಿಂದೆ ಸರಿದರು. "ನಾ ತಿನ್ನೂದಿಲ್ಲ."

"ತಿನ್ರಿ ಅಂತ ಯಾರಂದ್ರು? ಮೂಸ್ರಿ. ನೀರು ನಿಮ್ಮದ ತರ್ರಿ."

ಅಂದಿನಿಂದ ಪ್ರತಿ ಗುರುವಾರ ಆಚಾರ್ರು ತಾಮ್ರದ ತಂಬಿಗೆಯಲ್ಲಿ ನೀರು ತಂದು ಮೇಲಿನಿಂದ ಸುರಿಯುತ್ತಿದ್ದರು. ಹತ್ತು ನಿಮಿಷ ಇಬ್ಬರೂ ಮನೆಯ ಮುಂದಿನ ಕಟ್ಟೆಯ ಎರಡು ತುದಿಗೆ ಕುಳಿತು ಹಳೆಯ ಗಾಡಿಗಳ ವೇಳೆ ಹೇಳಿಕೊಳ್ಳುತ್ತಿದ್ದರು. ಆಮೇಲೆ ಇನಾಸ ಮುಚ್ಚಳ ತೆಗೆಯುತ್ತಿದ್ದ. ಆಚಾರ್ರು ಬಗ್ಗಿ ಮೂಸಿ, ಕಣ್ಣೀರು ಸುರಿಸಿ, "ಬಂತೋ!" ಎನ್ನುತ್ತಿದ್ದರು. ವಾಸನೆಯ ನರ ಸತ್ತರೂ ಸಾಸಿವೆಯ ಚುಚ್ಚನ್ನು ಅರಿಯುವ ನರ ಬೇರೆಯದು ಎಂದು ರೈಲ್ವೆ ಡಾಕ್ಟರು ವಿವರಿಸಿದರು. ಇಬ್ಬರಿಗೂ ಆ ವಿವರ ಬೇಕಿರಲಿಲ್ಲ.

ಒಂದು ಗುರುವಾರ ತಂಬಿಗೆ ಹಿಡಿದು ಬಂದದ್ದು ಆಚಾರ್ರ ಹೆಂಡತಿ ಗೋದಾಬಾಯಿ. "ಹಾಸಗಿ ಬಿಟ್ಟು ಏಳವಲ್ರು. ಅದನ್ನ ತಾ ಅಂತಾರ." ಇನಾಸ ಆ ನೀರಿನಲ್ಲಿ ಕಲಸಿ, ನನ್ನನ್ನು ಬಾಳೆಎಲೆಯಲ್ಲಿ ಸುತ್ತಿ ಕೊಟ್ಟು ತಾನೂ ಹಿಂದೆ ನಡೆದ. ಹಿತ್ತಲ ಬಾಗಿಲಿನಿಂದ ನಾನು ಆ ಮನೆ ಹೊಕ್ಕೆ. ಇನಾಸ ಕಿಟಕಿಯ ಹೊರಗೆ ನಿಂತ. ಹತ್ತು ನಿಮಿಷ ಕಳೆಯಿತು. ಗೋದಾಬಾಯಿ ಮುಚ್ಚಳ ತೆಗೆದರು. ಆಚಾರ್ರ ಕಣ್ಣಂಚಿನಲ್ಲಿ ಬಹಳ ಹೊತ್ತಿನ ಮೇಲೆ ಒಂದು ಹನಿ ಮೂಡಿತು.

"ಇಂಗ್ಲಿಷರಿಗೆ ಅಡಗಿ ಬರ್ತಿದ್ದಿಲ್ಲ ಬಿಡು," ಎಂದರು ಹೆಂಡತಿಗೆ, ಕಿಟಕಿಯ ಹೊರಗೂ ಕೇಳುವಷ್ಟು ಗಟ್ಟಿಯಾಗಿ. "ಇನಾಸಗ ಬರ್ತಿತ್ತು."

ಇನಾಸ ನನ್ನನ್ನು ತಿರುಗಿ ಕೇಳಲಿಲ್ಲ.

ಈಗ ನಾನಿರುವುದು ಆಚಾರ್ರ ಮನೆಯ ಅದೇ ಕಿಟಕಿಯ ಕಟ್ಟೆಯ ಮೇಲೆ. ಮನೆಯಲ್ಲಿ ಅವರ ಮುಂದಿನ ಪೀಳಿಗೆ, ಬೇರೆ ಕಾಲ. ಲೇಪ ಹೋಗಿ ಹಳದಿ ಲೋಹ ಕಾಣುತ್ತಿದೆ. ಗಾಜಿನ ತಳದಲ್ಲಿ ಒಂದು ಒಣಗಿದ ಗೆರೆ ಉಳಿದಿದೆ. ಈಗ ತಣ್ಣೀರು ಹಾಕಿದರೂ ಅದು ಏಳುವುದಿಲ್ಲ, ಸಾಸಿವೆ ಏಳುವುದು ಒಂದೇ ಸಲ. ಇಂಗ್ಲಿಷರ ಊಟ ಸಪ್ಪೆ ಎಂದು ಇಲ್ಲಿಯೂ ಆಗಾಗ ಯಾರಾದರೂ ಹೇಳುತ್ತಾರೆ. ಅವರು ಉಂಡದ್ದು ಯಾವ ಅರ್ಧವೋ ನನಗೆ ಗೊತ್ತಿಲ್ಲ. ಅಡುಗೆಮನೆಯೊಳಗೆ ನನ್ನನ್ನು ಇವತ್ತಿಗೂ ಬಿಟ್ಟುಕೊಂಡಿಲ್ಲ. ಹೊರಗೂ ಎಸೆದಿಲ್ಲ.