ತೊಳೆದ ಶುಂಠಿಯ ವಜಾ

ಅರಕಲಗೂಡಿನ ದೇವರಾಜುವಿನ ಮಂಡಿಗೆ ಸರಸ ಪೈಥಾನಿನಲ್ಲಿ ಬರೆದುಕೊಟ್ಟಿದ್ದ, ಮೂಟೆಯ ತೂಕದಲ್ಲಿ ಮಣ್ಣಿನ ಪಾಲನ್ನು ವಜಾ ಎಂದು ಕಳೆಯುವ ಪ್ರೋಗ್ರಾಮು ಹಿಂದಿನ ವರ್ಷವೆಲ್ಲ ಆಲೂಗಡ್ಡೆಗೆ ತಕರಾರಿಲ್ಲದೆ ನಡೆದಿತ್ತು. ಎರಡು ಸಾವಿರದ ಏಳರಲ್ಲಿ ಶುಂಠಿಯನ್ನೂ ಅದಕ್ಕೇ ಸೇರಿಸಿದರು. ಸೇರಿಸಿದವಳು ಹಾಸನದ ಅವಳ ಆಫೀಸಿಗೆ ಹೊಸದಾಗಿ ಬಂದಿದ್ದ ಇಂಚರ. ಇಬ್ಬರೂ ಮಂಡಿಗೆ ಬಂದು ಕೂತಿದ್ದ ಮೊದಲ ದಿನವೇ ಎಡವಟ್ಟಾಯಿತು.

"ಏನ್ ಮೇಡಮ್ಮೋರೆ, ಕಾಲುವೇಲಿ ತೊಳ್ಕಂಡ್ ತಂದಿವ್ನಿ, ಇದ್ರಾಗೆ ಮಣ್ಣೆಲ್ಲೈತೆ? ನಿಮ್ ಮಿಷನ್ನು ಆಲೂಗಡ್ಡೆಗೆ ವಡ್ದಂಗೇ ವಜಾ ವಡ್ದೈತಲ್ಲ!" ರೈತ ಚಂದ್ರಯ್ಯ ಚೀಟಿ ಆಡಿಸುತ್ತ ಮೂಟೆಗೆ ಕೈಹಾಕಿದ.

"ತಡ್ಕಳ್ಲಾ ಚಂದ್ರಯ್ಯ," ಎಂದ ದೇವರಾಜು ಸರಸಳತ್ತ ತಿರುಗಿದ. "ಸರಿ ಮಾಡ್ತೀರೋ, ಇಲ್ಲಾ ಈ ಮಿಷನ್ಗೆ ಬಟ್ಟೆ ಮುಚ್ಚಿ ಮಡುಗ್ಲೋ? ಇವ್ರು ಪಕ್ಕದ್ ಮಂಡಿಗೆ ಓದ್ರೆ ತಿರ್ಗಾ ಬರಾಕಿಲ್ಲ."

ಸರಸ ಗಡಿಬಿಡಿಯಲ್ಲಿ ಇಂಚರಳತ್ತ ಬಗ್ಗಿದಳು. ಇಂಚರ ಮಾತ್ರ ಕಂಪ್ಯೂಟರಿನ ಪರದೆಯಿಂದ ಕಣ್ಣು ಕೀಳಲಿಲ್ಲ.

"ಅಕ್ಕ, ತೊಳೆದಿದ್ದಕ್ಕೆ ವಜಾ ಬೇಡ ಅಂತ ನನ್ನ ಶುಂಠಿ ಕ್ಲಾಸಲ್ಲಿ ಬರ್ದಿದೀನಿ. ಎರಡಕ್ಕೂ ಲೆಕ್ಕ ಹಾಕೋ ನಿಮ್ಮ ತಾಯಿ ಕ್ಲಾಸು ಅದನ್ನ ಕೇಳ್ತಾನೇ ಇಲ್ಲ. ಕ್ಲಾಸಿನ ಹೊರಗೆ, ಫೈಲಿನ ಮೇಲ್ಗಡೆ ವಜಾ ಫಂಕ್ಷನ್ ಇದೆಯಲ್ಲ, ಅದನ್ನೇ ನೇರವಾಗಿ ಕರೀತಿದೆ."

"ಹಾಗಾದ್ರೆ ಆ ಫಂಕ್ಷನ್ನನ್ನೇ ಬದಲಾಯಿಸಿಬಿಡು, ಮಾರಾಯ್ತಿ!"

"ಆಗ ಆಲೂಗಡ್ಡೆ ಲೆಕ್ಕ ಕೆಡತ್ತೆ. ಅಲ್ನೋಡಿ, ಕೆಸರು ಮೆತ್ಕೊಂಡಿರೋ ಮೂಟೆ ಕಾಯ್ತಿದೆ. ಹಳೇ ಫಂಕ್ಷನ್ನನ್ನ ಮುಟ್ಟೋದು ಬೇಡ. ತಾಯಿ ಕ್ಲಾಸೊಳಗೆ ಒಂದು ವಜಾ ಮೆಥಡ್ ಇಡೋಣ. ಅದು ಸುಮ್ನೆ ಆ ಫಂಕ್ಷನ್ನನ್ನೇ ಕರೀಲಿ. ಲೆಕ್ಕ ಹಾಕೋವಾಗ ಮಾತ್ರ ಸೆಲ್ಫ್ ಡಾಟ್ ವಜಾ, ಅಂದ್ರೆ 'ನಿನ್ನ ವಜಾ ಎಷ್ಟು' ಅಂತ ಕೇಳ್ಲಿ. ಆಲೂಗಡ್ಡೆಗೆ ಹಳೇದೇ ಸಿಗತ್ತೆ, ಶುಂಠಿಗೆ ನಂದು."

ಸರಸ ಬೆರಗಾದಳು. ಅವಳಾಗಿದ್ದರೆ ಗಾಬರಿಯಲ್ಲಿ ಇಡೀ ಲೆಕ್ಕವನ್ನೇ ನಕಲು ಮಾಡಿ ಶುಂಠಿಗೆ ಬೇರೆ ಅಂಗಡಿ ಹೂಡುತ್ತಿದ್ದಳು. ಆದರೂ ವರ್ಷವಿಡೀ ನಡೆದ ಕೋಡನ್ನು ಈ ಜನರೆದುರು ಬಿಚ್ಚುವುದೆಂದರೆ?

"ಹೆದರ್ಬೇಡಿ ಅಕ್ಕ. ಮುಟ್ಟೋಕೆ ಮುಂಚೇನೇ ಆ ಕೆಸರಿನ ಆಲೂಗಡ್ಡೆ ಮೂಟೇನ ತೂಗಿಸಿ ಚೀಟಿ ತೆಗ್ದಿಟ್ಕೊಂಡಿದೀನಿ. ಆಮೇಲೆ ತಾಳೆ ನೋಡೋಣ."

ಇಷ್ಟು ಚಿಕ್ಕ ಹುಡುಗಿಗೆ ಇಷ್ಟು ಮುಂದಾಲೋಚನೆ ಎಲ್ಲಿಂದ ಬಂತೋ! "ಮಾಡು," ಎಂದು ಸರಸ ಕೀಬೋರ್ಡನ್ನು ಅವಳತ್ತ ತಳ್ಳಿದಳು.

ಇಂಚರ ಕೆಲವೇ ಸಾಲು ತಿದ್ದಿದ ಮೇಲೆ ಕೆಸರಿನ ಮೂಟೆ ಮತ್ತೆ ತಕ್ಕಡಿಗೆ ಏರಿತು. ಹಳೆಯ ಚೀಟಿಗೂ ಹೊಸದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಆಮೇಲೆ ಶುಂಠಿ. ಚಂದ್ರಯ್ಯ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದ. ವಜಾ ಸೊನ್ನೆ.

"ಈಗ್ ಸರಿಯಾತ್ ಕಣವ್ವ."

"ಎತ್ರಲಾ ಮುಂದಿನ್ ಮೂಟೆಯಾ!" ಎಂದು ಕೂಗಿದ ದೇವರಾಜು ಇತ್ತ ಬಗ್ಗಿದ. "ಯಾರ್ ಮೇಡಮ್ಮೋರೆ ಇದ್ನ ಬರ್ದಿದ್ದು?"

"ಆಲೂಗಡ್ಡೇದು ನಂದು, ಶುಂಠೀದು ಇವಳದು," ಎಂದಳು ಸರಸ. "ಎರಡನ್ನೂ ಒಂದೇ ಮನೇಲಿ ಜಗಳ ಇಲ್ದೆ ಬಾಳೋ ಹಾಗೆ ಮಾಡಿದ್ದೂ ಇವಳೇ."